ಅಂಗಡಿಯ ವಹಿಯೂ ವಿದ್ಯುಲ್ಲೇಖವೂ

ವ್ಯಾಪಾರವು ನಂಬಿಕೆಯ ಮೇಲೆ ನಿಂತಿರುವದೆಂದು ಹಿರಿಯರು ಹೇಳುತ್ತ ಬಂದಿರುವರು. ಆ ಮಾತು ನಿಜವೇ. ಆದರೆ ನಂಬಿಕೆಗೂ ಒಂದು ನೆನಪಿನ ಆಧಾರ ಬೇಕು. ಮನುಷ್ಯನ ನೆನಪು ದುರ್ಬಲವಾದದ್ದರಿಂದಲೇ ಬರವಣಿಗೆಯು ಅವಶ್ಯವಾಯಿತು. ಹಾಗಾದರೆ ಬರೆದಿಟ್ಟದ್ದೇ ನಾಶವಾದಾಗ ನಂಬಿಕೆಯ ಗತಿಯೇನು? ಈ ಪ್ರಶ್ನೆಯು ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಎರಡು ಮನೆಗಳ ಪ್ರಶ್ನೆಯಾಗಿ ನಮ್ಮ ಮುಂದೆ ಬಂದು ನಿಂತಿತು. ಆ ಸಂಗತಿಯನ್ನು ಹೇಳಿ, ಅದರಿಂದ ನಾವು ಕಲಿತದ್ದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ನಮ್ಮ ದಂಡೋತಿಯು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಗ್ರಾಮವು. ಸುತ್ತಲೂ ತೊಗರಿಯ ಹೊಲಗಳು. ಒಂದು ಕಡೆಗೆ ಶಹಾಬಾದದ ಹಾಸುಗಲ್ಲಿನ ಖಣಿಗಳು, ಇನ್ನೊಂದು ಕಡೆಗೆ ವಾಡಿ ಸೇಡಂಗಳ ಸಿಮೆಂಟಿನ ಕಾರಖಾನೆಗಳು. ಬೇಸಿಗೆಯಲ್ಲಿ ಸೊರಗಿ ಹರಿಯುವ ಈ ನದಿಯು ಮಳೆಗಾಲದಲ್ಲಿ ಸೇತುವೆಯನ್ನೇ ಮುಳುಗಿಸಿ ಹಾದಿ ಕಟ್ಟುವದು ನಮಗೆ ಹೊಸತಲ್ಲ. ಆದರೆ 2020ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಬಂದ ನೀರು ಬೇರೆಯೇ ತರಹದ್ದು. ದಂಡೆಯ ತಗ್ಗಿನಲ್ಲಿದ್ದ ಒಂದು ಅಂಗಡಿಯೊಳಗೆ ರಾತ್ರಿಯಲ್ಲಿ ನೀರು ಹೊಕ್ಕಿತು. ಅಂಗಡಿಕಾರರು ಕಿರಾಣಿಯ ಜೊತೆಗೆ ಬೀಜ ಗೊಬ್ಬರಗಳನ್ನು ಉದ್ರಿಯ ಮೇಲೆ ಕೊಡುವವರು. ಅಕ್ಕಿ ಬೇಳೆಗಳ ಚೀಲಗಳನ್ನು ಅವರು ಹೇಗೋ ಮಾಳಿಗೆಗೆ ಏರಿಸಿದರು. ಗಲ್ಲೆಯ ಕೆಳಗಿನ ಪೆಟ್ಟಿಗೆಯಲ್ಲಿದ್ದ ಮೂರು ವರ್ಷಗಳ ವಹಿಗಳು ಮಾತ್ರ ಯಾರ ನೆನಪಿಗೂ ಬರಲಿಲ್ಲ. ನೀರು ಇಳಿದ ಮೇಲೆ ಪೆಟ್ಟಿಗೆ ತೆರೆದು ನೋಡಿದರೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ, ಮಸಿಯೆಲ್ಲ ನೀಲಿಯ ನೀರಾಗಿ, ವಹಿಗಳು ನೆನೆದ ರೊಟ್ಟಿಯಂತೆ ಆಗಿದ್ದವು.

ನಾಲ್ವತ್ತಕ್ಕೂ ಹೆಚ್ಚು ಗಿರಾಕಿಗಳ ಉದ್ರಿಯು ಆ ವಹಿಗಳಲ್ಲಿತ್ತು. ನಮ್ಮ ಜನರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಬಹುತರ ಗಿರಾಕಿಗಳು ತಾವಾಗಿಯೇ ಬಂದು ತಮ್ಮ ಬಾಕಿಯನ್ನು ಹೇಳಿ ಹೊಸ ವಹಿಯಲ್ಲಿ ಬರೆಯಿಸಿದರು. ಎರಡು ಖಾತೆಗಳಲ್ಲಿ ಮಾತ್ರ ಮಾತಿಗೆ ಮಾತು ಕೂಡಲಿಲ್ಲ. ಊರಿನಲ್ಲಿ ನಾಲ್ಕು ಅಕ್ಷರ ಬಲ್ಲವರೆಂದು ಎರಡೂ ಕಡೆಯವರು ನಮ್ಮನ್ನು ಕರೆಯಿಸಿದರು.

ಮೊದಲನೆಯ ಖಾತೆಯು ಅರ್ಧ ತಾಸಿನಲ್ಲಿ ಬಗೆಹರಿಯಿತು. ಆ ಗಿರಾಕಿಯ ಮಗಳು ಚಿತ್ತಾಪುರದಲ್ಲಿ ಕಾಲೇಜು ಓದುತ್ತಿದ್ದವಳು. ತಂದೆಯ ಸಂಗಡ ಹಣ ಕಟ್ಟಲು ಬಂದ ದಿನ ವಹಿಯ ಆ ಹಾಳೆಯ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಿದ್ದಳು. ಅಂಗಡಿಕಾರರು ತಮ್ಮ ಅಕ್ಷರವನ್ನು ತಾವೇ ಗುರುತಿಸಿ, ಸಂತೋಷದಿಂದ ಒಪ್ಪಿಕೊಂಡು, ಹುಡುಗಿಗೆ ಬೆಲ್ಲ ಕೊಬ್ಬರಿ ಕೊಟ್ಟು ಕಳಿಸಿದರು.

ಎರಡನೆಯದು ಹಾಗಾಗಲಿಲ್ಲ. ಆ ರೈತರು ಅಂಗಡಿಕಾರರ ಬಾಲ್ಯಸ್ನೇಹಿತರು. ತೊಗರಿಯ ರಾಶಿಯಾದ ಮೇಲೆ ಹನ್ನೆರಡು ಸಾವಿರ, ಯುಗಾದಿಯ ತರುವಾಯ ಎಂಟು ಸಾವಿರ, ಹೀಗೆ ಎರಡು ಸಲ ಕೊಟ್ಟಿರುವೆನೆಂದು ಅವರ ಮಾತು. ಅಂಗಡಿಕಾರರಿಗೆ ಮೊದಲನೆಯದು ಮಾತ್ರ ನೆನಪಿತ್ತು. ‘ಮಾಸ್ತರ್ರ, ಬರದದ್ದು ನಾ ಕಣ್ಣಿಲೆ ನೋಡೀನ್ರಿ’ ಎಂದು ರೈತರು ನಮ್ಮ ಮುಖ ನೋಡಿದರು. ನಾವು ಏನು ಹೇಳಬೇಕು? ಇಬ್ಬರೂ ಸುಳ್ಳಾಡುವವರಲ್ಲ. ಕೊನೆಗೆ ಅಂಗಡಿಕಾರರು ಉದಾರಬುದ್ಧಿಯಿಂದ, ‘ಹೋಗ್ಲಿ ಬಿಡು, ಆ ಎಂಟು ಸಾವಿರ ನಾ ಬಿಟ್ಟೆ’ ಎಂದರು. ರೈತರ ಮುಖ ಕೆಂಪಾಯಿತು. ‘ಬಿಟ್ಟೆ ಅನಬ್ಯಾಡ್ರಿ ಸಾವ್ಕಾರ್ರ. ರೊಕ್ಕ ಮುಟ್ಟ್ಯಾವ ಅನ್ರಿ’ ಎಂದು ಅವರು ಎದ್ದುನಿಂತರು. ನೆನಪಿಲ್ಲದ್ದನ್ನು ಮುಟ್ಟಿದೆಯೆಂದು ಹೇಳಲು ಅಂಗಡಿಕಾರರಿಗೆ ನಾಲಗೆ ಏಳಲಿಲ್ಲ. ಅಂದಿನಿಂದ ಆ ಎರಡು ಮನೆಗಳ ನಡುವಿನ ಹೋಗಿಬರುವಿಕೆ ನಿಂತಿತು. ಒಂದು ಮನೆಯ ಮದುವೆಗೆ ಇನ್ನೊಂದು ಮನೆಯವರು ಬರಲಿಲ್ಲ. ಎಂಟು ಸಾವಿರ ರೂಪಾಯಿಗಳಲ್ಲಿ ಕೊಂಡುಕೊಳ್ಳಲು ಬಾರದ ವಸ್ತುವೊಂದು ಆ ನೀರಿನಲ್ಲಿ ಹೋಯಿತು.

ಒಂದೇ ಅಂಗಡಿ, ಒಂದೇ ಪ್ರವಾಹ, ಒಂದೇ ವಹಿ. ಒಬ್ಬನ ಮಾನವು ಉಳಿಯಿತು. ಇನ್ನೊಬ್ಬನದು ಸಂಶಯಕ್ಕೆ ಬಿತ್ತು. ಈ ಭೇದಕ್ಕೆ ಕಾರಣವೇನೆಂದು ನಾವು ಬಹುದಿನ ವಿಚಾರ ಮಾಡಿದೆವು. ಮೊಬೈಲು ಯಂತ್ರವೇ ದೊಡ್ಡದೆಂದು ಹೇಳುವದು ಸುಲಭ. ಆದರೆ ನಿಜವಾದ ಕಾರಣ ಅದಲ್ಲ. ಬರೆದದ್ದರ ಒಂದು ಪ್ರತಿಯು ಎರಡನೆಯವರ ಕೈಯಲ್ಲಿಯೂ ಇತ್ತೆಂಬದೇ ಕಾರಣವು. ಲೇಖವು ಒಬ್ಬರ ಪೆಟ್ಟಿಗೆಯಲ್ಲಿಯೇ ಇದ್ದರೆ ಅದು ಅವರ ಮಾತು ಮಾತ್ರ. ಇಬ್ಬರ ಕೈಯಲ್ಲಿಯೂ ಇದ್ದರೆ ಅದು ಸಾಕ್ಷಿ.

ಇದು ಇಂದಿನ ಹೊಸ ವಿಚಾರವೆಂದು ಯಾರೂ ತಿಳಿಯಬಾರದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲೇಖ್ಯಪ್ರಕರಣವೆಂಬದೊಂದು ಭಾಗವುಂಟು. ಅದಕ್ಕೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಶಹಾಬಾದದ ಹತ್ತಿರದ ಮರತೂರು ಅವನ ಊರೆಂದು ನಮ್ಮ ಭಾಗದ ಜನರು ಅಭಿಮಾನದಿಂದ ಹೇಳಿಕೊಳ್ಳುವರು. ಸಾಲದ ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳನ್ನೂ ಉಭಯತರ ಹೆಸರುಗಳನ್ನೂ ಬರೆಯಬೇಕು. ಸಾಲಗಾರನು ಸ್ವಹಸ್ತದಿಂದ ಒಪ್ಪಿಗೆ ಹಾಕಬೇಕು. ಸಾಕ್ಷಿಗಳೂ ಕೊನೆಗೆ ಬರೆದವನೂ ತಮ್ಮ ಹೆಸರನ್ನು ಬರೆಯಬೇಕು ಎಂದು ಅಲ್ಲಿ ವಿಧಿಸಿದೆ. ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿದರೆ ಪ್ರತಿಯೊಂದು ಜಮೆಯನ್ನೂ ಪತ್ರದ ಬೆನ್ನ ಮೇಲೆ ಬರೆಯಬೇಕು. ಇಲ್ಲವೆ ಹಣ ಮುಟ್ಟಿತೆಂದು ಧನಿಕನು ತನ್ನ ಕೈಬರಹದ ರಸೀದಿಯನ್ನು ಕೊಡಬೇಕು. ಪತ್ರವು ದೂರದೇಶದಲ್ಲಿ ಉಳಿದರೆ, ಅಕ್ಷರ ಕೆಟ್ಟರೆ, ಕಳೆದರೆ, ಒರಸಿಹೋದರೆ, ಕಳುವಾದರೆ, ಹರಿದರೆ, ಸುಟ್ಟರೆ ಇನ್ನೊಂದನ್ನು ಮಾಡಿಸಬೇಕೆಂದೂ ಹೇಳಿದೆ. ಪತ್ರಕ್ಕೆ ಬರತಕ್ಕ ಆಪತ್ತುಗಳನ್ನೆಲ್ಲ ಆ ಋಷಿಯು ಎಣಿಸಿಟ್ಟಿರುವನು. ನಮ್ಮ ಅಂಗಡಿಯಲ್ಲಿ ರಸೀದಿ ಕೊಡುವ ಪದ್ಧತಿಯೊಂದಿದ್ದರೆ ಆ ಸ್ನೇಹವು ಮುರಿಯುತ್ತಿರಲಿಲ್ಲ.

ಬರೆಯುವ ಸಾಧನವಂತೂ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಕಾಗಿಣೆಯ ದಂಡೆಯಲ್ಲಿಯೇ ಇರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು. ಅಂದಿನ ಅರಸರು ಭೂದಾನವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸಿ, ಅವನ್ನು ಬಳೆಯಿಂದ ಪೋಣಿಸಿ, ಬಳೆಯ ಕೂಡಿನ ಮೇಲೆ ರಾಜಮುದ್ರೆಯನ್ನೊತ್ತಿ, ದಾನ ಪಡೆದವನ ಕೈಯಲ್ಲಿ ಕೊಡುತ್ತಿದ್ದರು. ನಡುವೆ ಒಂದು ಹಲಗೆಯನ್ನು ತೆಗೆಯುವದಾಗಲಿ ಸೇರಿಸುವದಾಗಲಿ ಮುದ್ರೆ ಮುರಿಯದೆ ಸಾಧ್ಯವಿರಲಿಲ್ಲ. ಮುಂದೆ ಕನ್ನಡ ನಾಡಿನ ವರ್ತಕರೂ ಮಠಗಳವರೂ ಕಡತಗಳನ್ನು ಬಳಸಿದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿಯ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಿಳಿಯ ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಇಂದು ಸರಕಾರಿ ಕಚೇರಿಗಳಲ್ಲಿ ನಾವು ಆಡುವ ‘ಕಡತ’ವೆಂಬ ಶಬ್ದವು ಅದೇ. ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದೆಂಬದು ಅದರ ಗುಣ. ಅದೇ ಅದರ ದೋಷವೂ ಅಹುದು. ಆ ತರುವಾಯ ಕಾಗದದ ವಹಿಗಳು ಬಂದವು. ಹೈದರಾಬಾದ ಸಂಸ್ಥಾನದ ಕಾಲದಲ್ಲಿ ನಮ್ಮ ಭಾಗದ ದಫ್ತರಗಳು ಉರ್ದುವಿನಲ್ಲಿದ್ದವು. ಅಜ್ಜನ ಕಾಲದ ಖರೀದಿ ಪತ್ರವನ್ನು ಇಟ್ಟುಕೊಂಡು, ಅದನ್ನು ಓದಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲದ ಕುಟುಂಬಗಳು ಇಂದಿಗೂ ಎಷ್ಟೋ ಇವೆ. ಲೇಖವು ಉಳಿದರೆ ಸಾಲದು, ಓದಲಿಕ್ಕೂ ಬರಬೇಕೆಂಬ ಪಾಠವನ್ನು ಅವು ಕಲಿಸುತ್ತವೆ.

ಈಗ ಬಂದಿರುವದು ಡಿಜಿಟಲ್ ದಾಖಲೆ. ನಾವು ಅದನ್ನು ವಿದ್ಯುಲ್ಲೇಖವೆಂದು ಕರೆಯುವೆವು. ಗಣಕದಲ್ಲಿಯೋ ಮೊಬೈಲಿನಲ್ಲಿಯೋ ಬರೆದ ಬಿಲ್ಲು, ಕಾಗದದ ಪತ್ರವನ್ನು ಸ್ಕ್ಯಾನ್ ಮಾಡಿ ತೆಗೆದಿಟ್ಟ ಪ್ರತಿ, ಬ್ಯಾಂಕಿನಿಂದ ಬಂದ ಖಾತೆಯ ಉತಾರೆ, ಇವೆಲ್ಲ ವಿದ್ಯುಲ್ಲೇಖಗಳೇ. ಒಬ್ಬ ಗೃಹಸ್ಥನ ವ್ಯಾಪಾರಕ್ಕೆ ಇದರಿಂದಾಗುವ ಲಾಭಗಳಾವುವೆಂಬದನ್ನು ಇನ್ನು ವಿಚಾರಿಸುವೆವು.

ಒಂದನೆಯದು, ಪ್ರತಿಗಳ ಸೌಲಭ್ಯ. ಕಾಗದದ ವಹಿಯನ್ನು ಮತ್ತೊಂದು ವಹಿಗೆ ಇಳಿಸಲು ಒಬ್ಬ ಗುಮಾಸ್ತನಿಗೆ ವಾರಗಟ್ಟಲೆ ಬೇಕು. ವಿದ್ಯುಲ್ಲೇಖದ ನಕಲಿಗೆ ನಿಮಿಷಗಳು ಸಾಕು, ಖರ್ಚು ಇಲ್ಲವೆಂದರೂ ಸಲ್ಲುವದು. ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು, ದೂರದ ಊರಿನ ಭಂಡಾರದಲ್ಲಿ ಒಂದು ಪ್ರತಿಯಿದ್ದರೆ ಕಾಗಿಣೆಯು ಮೂರೂ ಕಡೆಗೆ ಒಂದೇ ರಾತ್ರಿ ಬರಲಾರಳು. ಒರಲೆಯ ಕಾಟವನ್ನು ನಾವು ಸ್ವತಃ ಬಲ್ಲೆವು. ನಾವು ಸೇವೆ ಮಾಡಿದ ಒಂದು ಶಾಲೆಯಲ್ಲಿ ಹಳೆಯ ದಾಖಲಾತಿ ವಹಿಯನ್ನು ಒರಲೆ ತಿಂದು, ಜನ್ಮತಾರೀಖಿನ ಪ್ರಮಾಣ ಬೇಡಿ ಬಂದ ವೃದ್ಧನೊಬ್ಬನನ್ನು ಬರಿಗೈಯಲ್ಲಿ ಕಳಿಸುವ ಪ್ರಸಂಗ ಬಂದಿತು. ಆ ವಹಿಯು ನಮ್ಮ ವಶದಲ್ಲಿಯೇ ಇದ್ದದ್ದರಿಂದ ಆ ತಪ್ಪು ನಮ್ಮದೂ ಅಹುದು. ಇನ್ನು ಈಚೆಗೆ ಅಂಗಡಿಗಳಲ್ಲಿಯೂ ತೂಕದ ಕಟ್ಟೆಗಳಲ್ಲಿಯೂ ಯಂತ್ರದಿಂದ ಬರುವ ನುಣುಪಾದ ಚೀಟಿಗಳನ್ನು ವಾಚಕರು ನೋಡಿರಬಹುದು. ಅವು ಮಸಿಯಿಂದ ಅಚ್ಚಾದವುಗಳಲ್ಲ, ಶಾಖದಿಂದ ಕಪ್ಪಾದವು. ನಮ್ಮ ಕಲಬುರಗಿಯ ಬಿಸಿಲಿಗೆ ಅವು ಬೇಗ ಮಾಸಿ ಬಿಳಿಯ ಕಾಗದವಾಗುತ್ತವೆ. ಬಂದ ದಿನವೇ ಅವುಗಳ ಚಿತ್ರ ತೆಗೆದಿಡದಿದ್ದರೆ ಇಟ್ಟೂ ಇಲ್ಲದಂತೆಯೇ ಸರಿ.

ಎರಡನೆಯದು, ಹುಡುಕುವ ಸುಖ. ಶಹಾಬಾದ ಕಲ್ಲಿನ ವರ್ತಕನೊಬ್ಬನ ಮೇಜನ್ನು ನೋಡಿರಿ. ಖಣಿಯ ಪರವಾನಗಿ, ತೂಕದ ಚೀಟಿ, ಲಾರಿಯ ಬಾಡಿಗೆ, ಜಿ.ಎಸ್.ಟಿ. ಬಿಲ್ಲು, ಹೀಗೆ ಒಂದು ಲಾರಿಯ ಹಿಂದೆ ನಾಲ್ಕೈದು ಕಾಗದಗಳು. ವರ್ಷದ ಕೊನೆಗೆ ಒಂದು ಬಿಲ್ಲು ಸಿಗದೆ ಮನೆಮಂದಿಯೆಲ್ಲ ಗಂಟುಗಳನ್ನು ಬಿಚ್ಚುತ್ತ ಕೂಡ್ರುವದುಂಟು. ತಾರೀಖಿನ ಪ್ರಕಾರ ಹೆಸರಿಟ್ಟ ವಿದ್ಯುಲ್ಲೇಖವಾದರೋ ಕರೆದ ಕೂಡಲೆ ಬರುವದು. ಉಳಿದ ವೇಳೆಯು ಗಿರಾಕಿಗೂ ಮಕ್ಕಳಿಗೂ ಸಲ್ಲುವದು.

ಮೂರನೆಯದು, ಸರಕಾರದ ಸಂಗಡ ನಡೆಸುವ ವ್ಯವಹಾರದ ಸೌಕರ್ಯ. 2017ನೆಯ ಇಸವಿಯ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲೆ ತೆರಿಗೆಯ ವಿವರಗಳನ್ನೆಲ್ಲ ಅಂತರ್ಜಾಲದ ಮುಖಾಂತರವೇ ಸಲ್ಲಿಸಬೇಕಾಗಿದೆ. 50,000 ರೂಪಾಯಿಗಳಿಗೆ ಮೀರಿದ ಸರಕನ್ನು ಸಾಗಿಸಲು ಬೇಕಾಗುವ ಇ-ವೇ ಬಿಲ್ಲು 2018ರ ಏಪ್ರಿಲ್ 1ರಂದು ದೇಶದಲ್ಲಿ ಜಾರಿಗೆ ಬಂದಿತು. ರಾಜ್ಯದೊಳಗಿನ ಸಾಗಾಟಕ್ಕೂ ಅದೇ ದಿನದಿಂದ ಅದನ್ನು ಮೊದಲು ಮಾಡಿದ್ದು ನಮ್ಮ ಕರ್ನಾಟಕವು. ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾದಿಡಬೇಕೆಂದು ಕಾಯಿದೆಯು ಹೇಳುತ್ತದೆ. ಅವನ್ನು ವಿದ್ಯುದ್ರೂಪದಲ್ಲಿ ಇಡಲು ನಿಯಮಗಳು ಒಪ್ಪಿವೆ. ಆದರೆ ಬೇರೆ ಪ್ರತಿಯೊಂದನ್ನು ತಪ್ಪದೆ ಇಡಬೇಕೆಂದೂ ಕಟ್ಟುಮಾಡಿವೆ. ಸಣ್ಣ ಉದ್ದಿಮೆಗಳಿಗಾಗಿ 2020ರ ಜುಲೈ 1ರಿಂದ ನಡೆದಿರುವ ‘ಉದ್ಯಮ್’ ನೋಂದಣಿಯು ಪುಕ್ಕಟೆಯಾಗಿಯೂ ಕಾಗದವಿಲ್ಲದೆಯೂ ಆಗುತ್ತದೆ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದವನಿಗೆ ಅಚ್ಚುಕಟ್ಟಾದ ಲೆಕ್ಕವೇ ಮೊದಲನೆಯ ಜಾಮೀನು.

ನಾಲ್ಕನೆಯದೇ ಎಲ್ಲಕ್ಕೂ ಮುಖ್ಯವಾದದ್ದು. ಅದು ನಾವು ಮೊದಲು ಹೇಳಿದ ಉಭಯಪಕ್ಷದ ಸಾಕ್ಷಿ. ಇದರ ಮಹತ್ವವನ್ನು ನಮ್ಮ ನಾಡಿನ ರೈತರು ‘ಭೂಮಿ’ ಯೋಜನೆಯಲ್ಲಿ ಕಂಡಿರುವರು. ಮೊದಲು ಪಹಣಿಯು ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ಗಂಟಿನಲ್ಲಿ ಇರುತ್ತಿತ್ತು. ಅವರು ಸಿಕ್ಕಾಗ ಪಹಣಿ, ಬರೆದದ್ದೇ ಪ್ರಮಾಣ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು 2002ರ ಸುಮಾರಿಗೆ ಗಣಕಕ್ಕೆ ಏರಿಸಿದ ಮೇಲೆ, 15 ರೂಪಾಯಿ ಕೊಟ್ಟು ಯಾವ ರೈತನಾದರೂ ತಾಲೂಕಿನಲ್ಲಿ ತನ್ನ ಹೊಲದ ಪಹಣಿಯನ್ನು ಪಡೆಯುವಂತಾಯಿತು. ತನ್ನ ಹೊಲದ ಲೇಖವನ್ನು ತಾನೇ ನೋಡಬಲ್ಲವನನ್ನು ಮೋಸಗೊಳಿಸುವದು ಕಠಿಣ. ಗಣಕಕ್ಕೆ ಏರುವಾಗ ತಪ್ಪುಗಳು ನುಸುಳಿದ್ದೂ, ಅವನ್ನು ತಿದ್ದಿಸಲು ರೈತರು ಅಲೆದದ್ದೂ ನಿಜವೇ. ಯಂತ್ರವು ಬರೆದದ್ದನ್ನು ಕಾಯುತ್ತದೆಯೇ ಹೊರತು, ಸರಿಯಾಗಿ ಬರೆಯುವ ಹೊಣೆಯನ್ನು ಹೊರುವದಿಲ್ಲ.

‘ಇದೆಲ್ಲ ಸರಿ, ಕೋರ್ಟಿನಲ್ಲಿ ಇದು ನಡೆಯುವದೆ?’ ಎಂದು ವಾಚಕರು ಕೇಳಬಹುದು. ನಡೆಯುವದು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯು ಅದೇ ವರ್ಷದ ಅಕ್ಟೋಬರ 17ರಿಂದ ಜಾರಿಗೆ ಬಂದು, ವಿದ್ಯುಲ್ಲೇಖಕ್ಕೂ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆಯನ್ನು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ವಿದ್ಯುಲ್ಲೇಖವನ್ನು ಸಾಕ್ಷ್ಯವೆಂದು ಒಪ್ಪುತ್ತದೆ. ಆದರೆ ಅದರ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರವೊಂದನ್ನು ಜೊತೆಗೆ ಕೊಡಬೇಕು. ಆದಕಾರಣ ಚಿತ್ರವು ಯಾವ ಮೊಬೈಲಿನಲ್ಲಿ ಹುಟ್ಟಿತೋ ಅದನ್ನೂ ಮೂಲ ಪ್ರತಿಯನ್ನೂ ಅಳಿಸದೆ ಇಟ್ಟುಕೊಳ್ಳುವದು ಜಾಣತನ.

ಡಿಜಿಟಲ್ ಸಹಿಯೆಂದರೆ ಹಸ್ತಾಕ್ಷರದ ಚಿತ್ರವಲ್ಲ. ಅನೇಕರು ಹೀಗೆ ತಿಳಿದಿರುವರು. ಅದರಲ್ಲಿ ಎರಡು ಕೀಲಿಕೈಗಳುಂಟು: ಒಂದು ಸಹಿ ಮಾಡುವವನ ಹತ್ತಿರ ಗುಪ್ತವಾಗಿರುವದು, ಇನ್ನೊಂದು ಎಲ್ಲರಿಗೂ ಬಹಿರಂಗವಾಗಿರುವದು. ಗುಪ್ತವಾದ ಕೈಯಿಂದ ಮುದ್ರಿಸಿದ್ದನ್ನು ಬಹಿರಂಗದ ಕೈಯಿಂದ ಯಾರಾದರೂ ಪರೀಕ್ಷಿಸಬಹುದು. ಮುದ್ರೆ ಬಿದ್ದ ಮೇಲೆ ಪತ್ರದಲ್ಲಿ ಒಂದು ಅಕ್ಷರ ಬದಲಾದರೂ ಪರೀಕ್ಷೆಯು ಕೂಡುವದಿಲ್ಲ. ರಾಷ್ಟ್ರಕೂಟರ ತಾಮ್ರಪಟದ ಬಳೆಯ ಮುದ್ರೆಯು ಮಾಡುತ್ತಿದ್ದ ಕೆಲಸವನ್ನೇ ಇದು ಗಣಿತದಿಂದ ಮಾಡುವದೆನ್ನಬಹುದು.

ಆದರೂ ಕಾಗದವನ್ನೆಲ್ಲ ಒಲೆಗೆ ಹಾಕಿರೆಂದು ನಾವು ಹೇಳುವವರಲ್ಲ. ಮೃತ್ಯುಪತ್ರಕ್ಕೂ ಟ್ರಸ್ಟಿನ ಪತ್ರಕ್ಕೂ ಮಾಹಿತಿ ತಂತ್ರಜ್ಞಾನದ ಕಾಯಿದೆಯು ಇಂದಿಗೂ ಅನ್ವಯಿಸುವದಿಲ್ಲ. ಅವನ್ನು ಕಾಗದದ ಮೇಲೆ ಬರೆದು ಸಹಿ ಮಾಡಿಯೇ ಇಡಬೇಕು. ನೋಂದಾಯಿಸಿದ ಖರೀದಿ ಪತ್ರ, ಛಾಪಾ ಕಾಗದದ ಮೇಲಿನ ಕರಾರು, ಪೂರ್ವಜರ ಉರ್ದು ದಸ್ತಾವೇಜುಗಳು, ಇವುಗಳ ಮೂಲಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಎತ್ತರದ ಸ್ಥಳದಲ್ಲಿಟ್ಟು, ಪ್ರತಿಯನ್ನು ಸ್ಕ್ಯಾನ್ ಮಾಡಿಡಬೇಕು. ಉರ್ದು ಪತ್ರವನ್ನು ಬಲ್ಲವರಿಂದ ಈಗಲೇ ಓದಿಸಿ, ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ಪ್ರತಿಯ ಸಂಗಡ ಇಡುವದು ಉತ್ತಮ. ಓದಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿರುವರು.

ವಿದ್ಯುಲ್ಲೇಖಕ್ಕೂ ತನ್ನದೇ ಆದ ಆಪತ್ತುಗಳುಂಟು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳ ಗಣಕಗಳನ್ನು ಹೊಕ್ಕು, ಅವುಗಳಲ್ಲಿದ್ದ ಲೇಖಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳೂ ಕಂಗಾಲಾದವು. ಗಣಕದಿಂದ ಬೇರೆಯಾಗಿ ಪ್ರತಿಯಿಟ್ಟವರು ಪಾರಾದರು. ಒಂದೇ ಮೊಬೈಲಿನಲ್ಲಿ ಲೆಕ್ಕವೆಲ್ಲ ಇದ್ದು, ಆ ಮೊಬೈಲು ಸಂತೆಯಲ್ಲಿ ಕಳುವಾದರೆ ಅದು ಪ್ರವಾಹವೇ. ಅಪರಿಚಿತರು ಕಳಿಸಿದ ಕೊಂಡಿಯನ್ನು ಒತ್ತುವದು, ಒ.ಟಿ.ಪಿ.ಯನ್ನು ಫೋನಿನಲ್ಲಿ ಹೇಳುವದು, ಇವು ತಿಜೋರಿಯ ಕೈಯನ್ನು ಬೀದಿಯಲ್ಲಿ ಚೆಲ್ಲಿದ ಹಾಗೆ. ಗಿರಾಕಿಗಳ ಆಧಾರ ಪ್ರತಿಯನ್ನೂ ಬ್ಯಾಂಕಿನ ವಿವರವನ್ನೂ ಕಂಡಕಂಡವರಿಗೆ ಕಳಿಸುವದು ಅಧರ್ಮವು.

ಆರಂಭಿಸುವವರಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ಕೊಡುವೆವು. ಹಳೆಯ ರಾಶಿಯಿಂದ ಆರಂಭಿಸಬೇಡಿರಿ, ಧೈರ್ಯಗೆಡುವಿರಿ. ಏಪ್ರಿಲ್ ಒಂದರಿಂದಲೋ ದೀಪಾವಳಿಯ ಪಾಡ್ಯದಿಂದಲೋ ಹೊಸ ಲೆಕ್ಕವನ್ನು ಹಿಡಿದು, ಬಿಡುವಾದಾಗ ಹಳೆಯದನ್ನು ಸೇರಿಸಿರಿ. ದಿನದ ಕಾಗದಗಳನ್ನು ಅಂಗಡಿ ಮುಚ್ಚುವ ಮೊದಲೇ ಸ್ಕ್ಯಾನ್ ಮಾಡಿರಿ. ನಾಳೆಗೆಂದದ್ದು ವರ್ಷಕ್ಕೆ ಹೋಗುವದು. ಪ್ರತಿಯೊಂದು ಲೇಖಕ್ಕೂ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಗಿರಾಕಿಯ ಹೆಸರು, ವಿಷಯ, ಈ ಕ್ರಮದಲ್ಲಿ ಹೆಸರಿಡಿರಿ. ಆಗ ಅವು ತಾವಾಗಿಯೇ ಸಾಲಾಗಿ ನಿಲ್ಲುವವು. ಮುಗಿದ ಲೇಖವನ್ನು ಪಿ.ಡಿ.ಎಫ್. ರೂಪದಲ್ಲಿಡಿರಿ, 1993ರಲ್ಲಿ ಹುಟ್ಟಿದ ಈ ರೂಪವು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ್ದರಿಂದ ಬಹುಕಾಲ ಓದಲು ಬರುವದೆಂದು ನಂಬಬಹುದು. ಕನ್ನಡವನ್ನು ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ಅಕ್ಷರಮಾದರಿಗಳಲ್ಲಿ ಬರೆದ ಎಷ್ಟೋ ಕನ್ನಡ ಲೇಖಗಳು ಇಂದು ಬೇರೆ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಅಜ್ಜನ ಉರ್ದು ಪತ್ರದ ಅವಸ್ಥೆಯೇ ಅವಕ್ಕೂ ಬಂದಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ, ಈ ಸೂತ್ರವನ್ನು ಮರೆಯಬೇಡಿರಿ. ತಿಂಗಳಿಗೊಮ್ಮೆ ಆ ಪ್ರತಿಗಳನ್ನು ತೆರೆದು ನೋಡಿರಿ. ತೆರೆಯದ ಪ್ರತಿಯು ಇದೆಯೆಂಬ ಭ್ರಮೆಯಾಗಬಹುದು.

ಮತ್ತೊಂದು ಮಾತನ್ನು ಗೃಹಸ್ಥರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಪಾಸ್‌ವರ್ಡನ್ನು ಯಜಮಾನನೊಬ್ಬನೇ ತಲೆಯಲ್ಲಿಟ್ಟುಕೊಂಡರೆ ಲೆಕ್ಕವು ಮತ್ತೆ ಒಬ್ಬನ ಪೆಟ್ಟಿಗೆಯಾಯಿತು. ಆಯುಷ್ಯವನ್ನು ಬಲ್ಲವರಾರು? ಯಜಮಾನನು ತಟ್ಟನೆ ತೀರಿಕೊಂಡ ಮನೆಗಳಲ್ಲಿ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕೆಂಬದು ತಿಳಿಯದೆ ಹೆಣ್ಣುಮಕ್ಕಳು ಕಣ್ಣೀರಿಡುವದನ್ನು ನಾವು ಕಂಡಿರುವೆವು. ಮನೆಯ ಯಜಮಾನಿಗಾದರೂ ಬೆಳೆದ ಮಗ ಮಗಳಿಗಾದರೂ ಲೆಕ್ಕ ತೆರೆಯುವ ಕ್ರಮವನ್ನು ಕಲಿಸಿಡಿರಿ. ಪಾಸ್‌ವರ್ಡನ್ನು ಬರೆದ ಲಕೋಟೆಯೊಂದು ಮನೆಯ ತಿಜೋರಿಯಲ್ಲಿರಲಿ.

ಇನ್ನು ನಮ್ಮ ಊರಿನ ಅಂಗಡಿಯ ಮಾತಿಗೆ ಬರುವೆವು. ಪ್ರವಾಹದ ಮಾರನೆಯ ವರ್ಷ ಅಂಗಡಿಕಾರರ ಮಗನು ಲೆಕ್ಕವನ್ನೆಲ್ಲ ಮೊಬೈಲಿಗೆ ತಂದನು. ಅವನಿಟ್ಟ ನಿಯಮ ಒಂದೇ: ಉದ್ರಿಯಾಗಲಿ ಜಮೆಯಾಗಲಿ, ಬರೆದ ಕೂಡಲೆ ಅದರ ಪ್ರತಿಯನ್ನು ಗಿರಾಕಿಯ ಮೊಬೈಲಿಗೆ ಕಳಿಸಬೇಕು, ಮೊಬೈಲು ಇಲ್ಲದವರಿಗೆ ಕೈಬರಹದ ಚೀಟಿ ಕೊಡಬೇಕು. ಅವನ ತಂದೆಯು ಮೊದಲು ಒಪ್ಪಲಿಲ್ಲ. ‘ನಮ್ಮ ಮ್ಯಾಲ ಇಸವಾಸ ಇಲ್ಲಂತ ಮಂದಿ ತಿಳ್ಕೋತಾರ’ ಎಂದು ಗೊಣಗಿದರು. ಮಗನು, ‘ಅಪ್ಪಾ, ಇಸವಾಸ ಉಳೀಲಿ ಅಂತನೇ ಕಳಸಾಕತ್ತೀನಿ’ ಎಂದನು. ಕಾಗದದ ವಹಿಯೂ ಹೋಗಲಿಲ್ಲ. ದೀಪಾವಳಿಗೆ ಅದಕ್ಕೆ ಅರಿಷಿಣ ಕುಂಕುಮ ಏರಿಸಿ ‘ಶ್ರೀ’ ಬರೆಯುವ ಕೆಲಸ ಇಂದಿಗೂ ನಮ್ಮದೇ.

ಆ ಬಾಲ್ಯಸ್ನೇಹಿತರು ಮೂರು ವರ್ಷ ಆ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಆಮೇಲೊಂದು ಬಿತ್ತಿಗೆಯ ಕಾಲಕ್ಕೆ, ಬೇರೆಲ್ಲಿಯೂ ಗೊಬ್ಬರ ಸಿಗದ ದಿನ, ಬಂದು ಬಾಗಿಲಲ್ಲಿ ನಿಂತರು. ನಾವು ಅಲ್ಲಿಯೇ ಇದ್ದೆವು. ಹುಡುಗನು ಚೀಲಗಳನ್ನು ಹೊರಗಿಟ್ಟು, ಅರ್ಧ ಹಣ ಎಣಿಸಿಕೊಂಡು, ಲೆಕ್ಕ ಬರೆದು ಕಳಿಸಿದನು. ರೈತರ ಅಂಗಿಯ ಕಿಸೆಯಲ್ಲಿ ಮೊಬೈಲು ಸದ್ದು ಮಾಡಿತು. ಅವರು ಚಾಳೀಸು ಏರಿಸಿ ಎರಡು ಸಲ ಓದಿದರು. ‘ಬರೋಬ್ಬರಿ ಅದ’ ಎಂದು ಹೇಳಿ, ಗಲ್ಲೆಯ ಹಿಂದೆ ಕೂತಿದ್ದ ಗೆಳೆಯನ ಕಡೆಗೆ ನೋಡಿದರು. ಅಂಗಡಿಕಾರರು ಚಹಕ್ಕೆ ಹೇಳಿದರು. ಹಳೆಯ ಎಂಟು ಸಾವಿರದ ಮಾತನ್ನು ಅಂದು ಯಾರೂ ಎತ್ತಲಿಲ್ಲ; ಅದು ಬಗೆಹರಿದಿಲ್ಲ, ಇನ್ನು ಬಗೆಹರಿಯುವದೂ ಇಲ್ಲ.

ಆದುದರಿಂದ ವಾಚಕ ಮಹಾಶಯರೇ, ವೇಳೆ ಉಳಿಯುವದು, ಖರ್ಚು ಕಡಿಮೆಯಾಗುವದು, ಸ್ಥಳ ಬಿಡುವಾಗುವದು ಎಂಬ ಲಾಭಗಳಿಗಾಗಿ ನೀವು ವಿದ್ಯುಲ್ಲೇಖವನ್ನು ಹಿಡಿದರೆ ಒಳ್ಳೆಯದೇ. ಆದರೆ ಅವೆಲ್ಲ ಇಲ್ಲದಿದ್ದರೂ, ನಿಮ್ಮ ಸಂಗಡ ವ್ಯವಹರಿಸುವ ಮನುಷ್ಯನ ಕೈಯಲ್ಲಿ ಅವನ ಸತ್ಯದ ಒಂದು ಪ್ರತಿಯನ್ನು ಇಡುವದಕ್ಕಾಗಿಯಾದರೂ ಅದನ್ನು ಹಿಡಿಯಿರಿ. ಈ ಮಳೆಗಾಲ ಬರುವ ಮೊದಲೇ ಆರಂಭಿಸಿರಿ.